ಅಳಿಯಂದ್ರ ಕಾಡು

ಮಾತಿನ ಚಟ ಇರುವವರಿಗೆ ಈ ಲೋಕದಲ್ಲಿ ಬುದ್ಧಿ ಹೇಳುವವರಿಲ್ಲ. ಕುಡಿಯುವವನಿಗೆ, ಇಸ್ಪೀಟು ಆಡುವವನಿಗೆ ಹೆಂಡತಿ ಮಕ್ಕಳಿಂದ ಹಿಡಿದು ಎದುರುಮನೆಯವರವರೆಗೆ ಎಲ್ಲರೂ ಹೇಳುತ್ತಾರೆ. ಮೈಕು ಕಂಡರೆ ಗಂಟಲು ಸರಿಮಾಡಿಕೊಳ್ಳುವವನಿಗೆ ಮಾತ್ರ ಹಾರ ಹಾಕಿ, ಶಾಲು ಹೊದಿಸಿ, ಇನ್ನಷ್ಟು ಹಾಳಾಗು ಎಂದು ಬೆನ್ನು ತಟ್ಟುತ್ತಾರೆ. ಹೊಳೆನರಸೀಪುರದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದ ನನಗೆ ಈ ಚಟ ಹೇಗೆ ಅಂಟಿತೋ ಹೇಳಲಾರೆ. ಪಾಠ ಮಾಡುವಾಗ ಎದುರಿಗೆ ಕೂತವರು ಎದ್ದುಹೋಗುವಂತಿಲ್ಲವಲ್ಲ, ಆ ಸುಖವೇ ಮೂಲವಿರಬೇಕು. ಒಮ್ಮೆ ಚನ್ನರಾಯಪಟ್ಟಣದಲ್ಲಿ ನೆಂಟರ ಮದುವೆ. ಗಂಡು ಹೆಣ್ಣಿಗೆ ನಾಲ್ಕು ಮಾತು ಹೇಳಿ ಅಂದರು. ಸಂಸಾರದ ಕಷ್ಟಸುಖ ಹೇಳಲು ಹೊರಟವನು ಕಷ್ಟದಲ್ಲೇ ಎಷ್ಟು ಆಳಕ್ಕೆ ಇಳಿದುಬಿಟ್ಟೆನೆಂದರೆ, ಸುಖಕ್ಕೆ ಬರುವಷ್ಟರಲ್ಲಿ ಹೆಣ್ಣಿನ ತಾಯಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋಗಿದ್ದರು, ಉಳಿದವರು ಊಟಕ್ಕೆ ಹೋಗಿದ್ದರು. ಅಂದಿನಿಂದ ನನ್ನ ಹೆಂಡತಿ ಸರೋಜ ಯಾವ ಸಮಾರಂಭದಲ್ಲೂ ನನ್ನ ಹಿಂದೆಯೇ ಕೂರುತ್ತಾಳೆ. ನಾನು ಏಳುವ ಲಕ್ಷಣ ಕಂಡರೆ ಜುಬ್ಬದ ಚುಂಗು ಹಿಡಿದು ಎಳೆಯುತ್ತಾಳೆ. ಈ ಒಂದು ಏರ್ಪಾಡಿನಿಂದ ಹಾಸನ ಜಿಲ್ಲೆಯ ಎಷ್ಟೋ ಮದುವೆಗಳು ಸುಸೂತ್ರವಾಗಿ ನಡೆದಿವೆ.

ಆದರೆ ಆ ಗಣರಾಜ್ಯೋತ್ಸವದ ದಿನ ಅವಳು ನನ್ನ ಹಿಂದೆ ಇರಲಿಲ್ಲ. ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಸರೋಜಳ ತವರು ಅರಕಲಗೂಡು ತಾಲ್ಲೂಕಿನ ಒಂದು ಊರು. ಹೆಸರು ಹೇಳುವುದಿಲ್ಲ, ನೆಂಟಸ್ತಿಕೆ ಇನ್ನೂ ಉಳಿದಿದೆ. ಊರಹಬ್ಬಕ್ಕೆಂದು ರಜೆ ಹಾಕಿ ಹೋಗಿ ಉಳಿದುಕೊಂಡಿದ್ದೆವು. ಅವಳು ತಾಯಿಯ ಜೊತೆ ಒಲೆಯ ಮುಂದೆ ಕೂತಿದ್ದಾಗ ಅಲ್ಲಿನ ಶಾಲೆಯವರು ಬಂದು ಬಾವುಟ ಏರಿಸಿದ ಮೇಲೆ ನೀವೊಂದೆರಡು ಮಾತು ಆಡಬೇಕು ಅಂದರು. ಆಗಷ್ಟೇ ಯಾವುದೋ ತರಬೇತಿಗೆ ಹೋಗಿ ಭೂಮಿ ಬಿಸಿಯಾಗುತ್ತಿರುವ ವಿಷಯ ಕೇಳಿಕೊಂಡು ಬಂದಿದ್ದೆ. ತಲೆಯ ತುಂಬ ಅದೇ ಇತ್ತು. ಹೊಗೆಯಲ್ಲಿರುವ ಇಂಗಾಲ ಮೇಲೆ ಸೇರಿ ಭೂಮಿಗೆ ಕಂಬಳಿ ಹೊದಿಸಿದ ಹಾಗೆ ಆಗಿದೆ, ಹೀಗೇ ಬಿಟ್ಟರೆ ಮಳೆ ಹಿಂದುಮುಂದಾಗುತ್ತದೆ, ಆ ಇಂಗಾಲವನ್ನು ಹೀರಿ ಇಟ್ಟುಕೊಳ್ಳುವುದು ಮರ ಒಂದೇ ಎಂದು ಶುರುಮಾಡಿದೆ. ಜನವರಿಯ ಚಳಿಗೆ ಕಿವಿಗೆ ಟವೆಲು ಸುತ್ತಿಕೊಂಡು ಕೂತಿದ್ದ ಜನ ಭೂಮಿ ಬೆಚ್ಚಗಾಗುವ ಸುದ್ದಿ ಕೇಳಿ ಮೊದಲು ಸ್ವಲ್ಪ ಸಂತೋಷಪಟ್ಟಂತೆ ಕಂಡಿತು. ಅದು ನನಗೆ ಸಹಿಸಲಾಗಲಿಲ್ಲ. ದನಿ ಏರಿಸಿ, ಊರಿಗೊಂದು ಕಾಡು ಬೇಕು, ಕಾಡಿಲ್ಲದ ಊರಿಗೆ ಉಳಿಗಾಲವಿಲ್ಲ ಎಂದು ಮೇಜು ಗುದ್ದಿದೆ. ನೀರಿನ ಲೋಟ ಉರುಳಿ ಹೆಡ್ಮಾಸ್ಟರ ತೊಡೆಯ ಮೇಲೆ ಬಿತ್ತು. ಜನ ಚಪ್ಪಾಳೆ ತಟ್ಟಿದ್ದು ಮಾತಿಗೋ ಲೋಟಕ್ಕೋ ಗೊತ್ತಿಲ್ಲ.

ಆ ಚಪ್ಪಾಳೆಯನ್ನು ಮೊದಲ ಸಾಲಿನಲ್ಲಿ ಕೂತು ಕೇಳಿದವರು ನನ್ನ ಮಾವ. ಅವರ ವಿಷಯ ಸ್ವಲ್ಪ ಹೇಳಬೇಕು. ಆಲೂಗೆಡ್ಡೆ, ಹೊಗೆಸೊಪ್ಪು, ರಾಗಿ ಬೆಳೆಯುವ ದೊಡ್ಡ ಬೇಸಾಯಗಾರರು. ಮಣ್ಣು ಮುಟ್ಟದ ಅಳಿಯನ ಬಗ್ಗೆ ಅವರಿಗೆ ಅಂಥ ಅಭಿಪ್ರಾಯವೇನೂ ಇರಲಿಲ್ಲ. ಮದುವೆಯಾದ ಹೊಸದರಲ್ಲಿ ಕರುವನ್ನು ಹಿಡಿದುಕೊಳ್ಳಿ ಎಂದು ಹಗ್ಗ ಕೈಗೆ ಕೊಟ್ಟು ಹೋಗಿದ್ದರು. ಬರುವಷ್ಟರಲ್ಲಿ ಕರು ಒಂದು ತೊಟ್ಟು ಬಿಡದೆ ಹಾಲು ಕುಡಿದಿತ್ತು, ನಾನು ಬರಿ ಹಗ್ಗ ಹಿಡಿದು ನಿಂತಿದ್ದೆ. ಅಂದಿನಿಂದ ನಮ್ಮ ಮಾತುಕತೆ ‘ಊಟ ಆಯ್ತಾ’ ಎಂಬಲ್ಲಿಗೆ ನಿಂತಿತ್ತು. ಭಾಷಣದ ದಿನ ಮಾತ್ರ ಅವರು ನನ್ನನ್ನು ನಡುಮನೆಯ ಕೈಕುರ್ಚಿಯಲ್ಲಿ ಕೂರಿಸಿದರು. ನಾಟಿ ಕೋಳಿ ಸಾರಿನಲ್ಲಿ ತೊಡೆಯ ತುಂಡು ಮೊದಲ ಸಲ ನನ್ನ ತಟ್ಟೆಗೆ ಬಂತು. ಬಂದವರಿಗೆಲ್ಲ ‘ನಮ್ಮ ಅಳಿಯಂದ್ರು’ ಎಂದು ತೋರಿಸಿದರು. ನಿಜ ಹೇಳುತ್ತೇನೆ, ನನಗೆ ಬಹಳ ಖುಷಿಯಾಯಿತು. ಹೊಳೆನರಸೀಪುರಕ್ಕೆ ಬಂದು ಭೂಮಿಯನ್ನೂ ಅದರ ಕಂಬಳಿಯನ್ನೂ ಮರೆತುಬಿಟ್ಟೆ. ಹಾಗೆ ನೋಡಿದರೆ ನನ್ನ ಕೈಯಲ್ಲಿ ಒಂದು ತುಳಸಿ ಗಿಡವೂ ಬದುಕಿದ್ದಿಲ್ಲ.

ಮಾವ ಮರೆತಿರಲಿಲ್ಲ. ಮುಂಗಾರು ಹಿಡಿದ ಮೇಲೆ ಒಂದು ದಿನ ಹಲಸಿನ ಹಣ್ಣು ಹೆಗಲ ಮೇಲೆ ಹೊತ್ತು ಬಸ್ಸಿಳಿದು ನಮ್ಮ ಮನೆಗೆ ಬಂದರು. ಹಣ್ಣು ಇಳಿಸಿದವರೇ, “ಅಳಿಯಂದ್ರೆ, ನೀವೇಳ್ದಂಗೆ ಎಲ್ಲಾ ಆಯ್ತಾ ಅದೆ ಕಣ್ರಿ” ಅಂದರು. ಏನು ಎಂದು ನನಗೆ ತಟ್ಟನೆ ಹೊಳೆಯಲಿಲ್ಲ. ನರ್ಸರಿಯಿಂದ ಅಕೇಶಿಯ, ನೀಲಗಿರಿ ಸಸಿ ಬಂದಿಳಿದಿವೆಯಂತೆ. ಟ್ರ್ಯಾಕ್ಟರು ಗೊತ್ತಾಗಿದೆಯಂತೆ. ಊರವರೆಲ್ಲ ಒಪ್ಪಿದ್ದಾರಂತೆ. ಭಾನುವಾರ ನಾನು ಬಂದು ನಿಂತುಕೊಂಡರೆ ಸಾಕಂತೆ. ಜಾಗ ಯಾವುದು ಎಂದು ಕೇಳಿದ್ದಕ್ಕೆ ಫಸ್ಟ್ ಕ್ಲಾಸಾದ ಜಾಗ, ಕಟ್ಟೆಯ ಮೇಲುಗಡೆ, ಒಂದಿಷ್ಟು ಮೆಳೆ, ಪೊದೆ ಸವರಬೇಕು ಅಷ್ಟೆ ಅಂದರು. ನಾನು ತೊಳೆ ತಿನ್ನುತ್ತ ತಲೆದೂಗಿದೆ. ಮೆಳೆ ಅನ್ನುವ ಮಾತು ಕೇಳಿ ಹಣ್ಣು ಬಿಡಿಸುತ್ತಿದ್ದ ಸರೋಜಳ ಕೈ ನಿಂತಿದ್ದು ಕಂಡಿತು, ಆದರೆ ಅದು ಅಂಟಿಗೆಂದು ಕೈಗೆ ಹಚ್ಚಿಕೊಂಡ ಎಣ್ಣೆ ಸಾಲದ್ದಕ್ಕೆ ಅಂದುಕೊಂಡೆ.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಇಬ್ಬರೂ ಹೋದೆವು. ಬಸ್ಸಿಳಿದ ತಕ್ಷಣ ಮಾವ ನಮ್ಮನ್ನು ಜಾಗ ನೋಡಲು ಕರೆದುಕೊಂಡು ಹೋದರು. ಹೋಗಿ ನಿಂತಿದ್ದು ಬನದಮ್ಮನ ಬನದ ಮುಂದೆ. ಆ ಬನ ನಾನು ನೋಡಿದ್ದೇ. ನೇರಳೆ, ಅತ್ತಿ, ಬಸರಿ, ಹೊಂಗೆ, ತಾರೆ, ಹೆಸರು ಗೊತ್ತಿಲ್ಲದ ಇನ್ನೆಷ್ಟೋ ಮರ. ಮರದಿಂದ ಮರಕ್ಕೆ ಸೀಗೆ, ಉಗನಿ ಬಳ್ಳಿ. ಕೆಳಗೆ ಕೈ ಹಾಕಿದರೆ ಕೈ ಕಾಣದ ಹಾಗೆ ಕಾರೆ ಮುಳ್ಳು. ನಡುವೆ ಒಂದು ಮೊಣಕಾಲೆತ್ತರದ ಕಲ್ಲು, ಅದೇ ಅಮ್ಮ. ಅಲ್ಲಿಂದ ಒಣಗಿದ ಪುರಲೆ ಕಡ್ಡಿಯನ್ನೂ ಯಾರೂ ಒಯ್ಯುವಂತಿಲ್ಲ. ಹಾಗೆ ಎಷ್ಟೋ ತಲೆಮಾರಿನಿಂದ ಉಳಿದು ಬಂದದ್ದು. ಸುತ್ತಲಿನ ಗುಡ್ಡವೆಲ್ಲ ದನ ಮೇಕೆ ಮೇಯ್ದು ಬೋಳಾಗಿದ್ದರೂ ಬನದ ಕೆಳಗಿನ ಕಟ್ಟೆಯಲ್ಲಿ ಬೇಸಿಗೆಯಲ್ಲೂ ನೀರಿರುತ್ತಿತ್ತು. ನಾನು ಮೇಜು ಗುದ್ದಿ ಬೇಕು ಅಂದಿದ್ದ ಕಾಡು ಇದೇ, ಮೊದಲಿನಿಂದ ಇಲ್ಲೇ ಇತ್ತು. ಅದನ್ನು ಕಡಿದು ನನ್ನ ಹೆಸರಿನಲ್ಲಿ ಅಕೇಶಿಯ ನೆಡಲಿದ್ದರು.

“ಮಾವ, ಇದೂ ಕಾಡೇ ಅಲ್ವಾ?” ಎಂದು ಕೇಳಿದೆ. ಮಾತು ಅಷ್ಟು ಸಣ್ಣಗೆ ನನ್ನ ಬಾಯಿಂದ ಎಂದೂ ಬಂದಿರಲಿಲ್ಲ.

ಮಾವ ನಕ್ಕರು. “ಇದ್ಯಾವ್ ಕಾಡು ಬುಡಿ ಅಳಿಯಂದ್ರೆ. ಇದ ಯಾರ್ ನೆಟ್ಟವ್ರೆ? ಅದರ ಪಾಡಿಗೆ ಅದು ಬೆಳ್ಕಂಡದೆ. ಈರೀಸಾವೆ ಕಡೆ ಓಗೋವಾಗ ರೋಡ್ ಪಕ್ಕ ನೋಡಿಲ್ವಾ, ದಾರ ಇಡ್ದಂಗೆ ಸಾಲಾಗವೆ. ಕಾಡು ಅಂದ್ರೆ ಅಂಗಿರ್ಬೇಕು.”

ತಪ್ಪು ಅವರದಲ್ಲ. ಕಾಡು ಬೇಕು ಅಂದಿದ್ದೆನೇ ಹೊರತು, ತಾನಾಗಿ ಬೆಳೆದದ್ದೂ ಕಾಡೇ, ಅದೇ ದೊಡ್ಡ ಕಾಡು ಎಂದು ಒಂದು ಮಾತು ಸೇರಿಸಿರಲಿಲ್ಲ. ಅಷ್ಟು ಹೊತ್ತು ಮಾತಾಡಿದವನಿಗೆ ಅದೊಂದಕ್ಕೆ ಮಾತ್ರ ಸಮಯ ಸಿಕ್ಕಿರಲಿಲ್ಲ. ಮರ ಉರುಳಿಸುವವರು ಗರಗಸ ಮಸೆದು ಸಿದ್ಧರಾಗಿದ್ದರು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನವರು ಬಂದು ಒಲೆಯ ಸೌದೆಗೆ ಯಾವ ಮರ ಯಾರಿಗೆ ಎಂದು ಆಗಲೇ ನೋಡಿಕೊಂಡು ಹೋಗಿದ್ದರು. ಅಂದರೆ ನಾನು ಇಂಗಾಲ ಹೀರಲಿ ಅಂದಿದ್ದ ಮರಗಳು ಇನ್ನೊಂದು ವಾರದಲ್ಲಿ ಹೊಗೆಯಾಗಿ ಮೇಲೆ ಹೋಗಿ ಕಂಬಳಿ ಸೇರುವುದಿತ್ತು. ಉಳಿದಿದ್ದು ಅಮ್ಮನ ಅಪ್ಪಣೆ ಒಂದೇ. ಬೆಳಿಗ್ಗೆ ಹೂವು ಕೇಳಿ, ಅಮ್ಮ ಹೂಂ ಅಂದರೆ ಕೊಡಲಿ ಹಾಕುವುದು ಎಂದು ಮಾವ ವಿವರಿಸಿದರು.

ಮನೆಗೆ ಬಂದ ಮೇಲೆ ಸರೋಜ ನನ್ನನ್ನು ಹಿತ್ತಲಿಗೆ ಕರೆದಳು. ಅವಳು ಚಿಕ್ಕವಳಿದ್ದಾಗ ಬನದ ಅಂಚಿನಲ್ಲಿ ನೇರಳೆ ಹಣ್ಣು ಆರಿಸುತ್ತಿದ್ದವಳು. ಕಣ್ಣು ಕೆಂಪಾಗಿತ್ತು. ತಾನು ಹೇಳಿದರೆ ಹೆಣ್ಣುಮಕ್ಕಳ ಮಾತು ಎಂದು ಅಪ್ಪ ತಳ್ಳಿಹಾಕುತ್ತಾರೆ, ಅವರು ಕೇಳುವುದು ಈಗ ನಿಮ್ಮ ಮಾತು ಒಂದನ್ನೇ, ನೀವೇ ಹಚ್ಚಿದ್ದು ನೀವೇ ಆರಿಸಿ ಅಂದಳು. ಹೇಳುತ್ತೇನೆ ಅಂದೆ. ಊಟಕ್ಕೆ ಕೂತಾಗ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಪಕ್ಕದ ಮನೆಯವರು ಬಂದರು. ಮಾವ ಅವರ ಮುಂದೆ, “ನಾನ್ ಸತ್ತೋದ್ಮೇಲೂವೆ ಜನ ಇದ್ನ ಅಳಿಯಂದ್ರ ಕಾಡು ಅಂತಾರೆ ಕಣಪ್ಪ” ಅಂದರು. ತೆರೆದ ಬಾಯಿಗೆ ಮುದ್ದೆ ಹಾಕಿಕೊಂಡೆ. ಕೈ ತೊಳೆಯುವಾಗ ಹೇಳೋಣವೆಂದರೆ ಮಾವ ತಾವೇ ಚೊಂಬು ಹಿಡಿದು ನನ್ನ ಕೈಗೆ ನೀರು ಹಾಕಿದರು. ಅವರು ಇನ್ನೊಬ್ಬರ ಕೈಗೆ ನೀರು ಹಾಕಿದ್ದನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಇಷ್ಟು ವರ್ಷದ ಮೇಲೆ ಸಿಕ್ಕ ಮರ್ಯಾದೆ. ಊರ ತುಂಬ ಹೇಳಿಕೊಂಡು ತಿರುಗಿದ ಮನುಷ್ಯನ ಮುಖ ತಗ್ಗಿಸುವುದು ಹೇಗೆ? ನಾಳೆ ಬೆಳಿಗ್ಗೆ ಹೇಳಿದರಾಯಿತು ಎಂದು ಮಲಗಿದೆ. ಸರೋಜ ಗೋಡೆಯ ಕಡೆ ತಿರುಗಿಕೊಂಡಿದ್ದಳು.

ಬೆಳಿಗ್ಗೆ ಹೇಳಲು ಯಾರೂ ಬಿಡಲಿಲ್ಲ. ನಾನು ಎದ್ದು ಸ್ನಾನ ಮಾಡುವಷ್ಟರಲ್ಲಿ ತಮಟೆ ಶುರುವಾಗಿತ್ತು. ಬನದ ಬಾಯಲ್ಲಿ ಊರಿಗೆ ಊರೇ ಕೂತಿತ್ತು. ಒಂದು ಕಡೆ ಕಪ್ಪು ಪ್ಲಾಸ್ಟಿಕ್ ಚೀಲಗಳಲ್ಲಿ ಸಸಿಗಳು, ಇನ್ನೊಂದು ಕಡೆ ಗರಗಸದವರು, ಹಿಂದೆ ಟ್ರ್ಯಾಕ್ಟರು. ಅದರ ಡ್ರೈವರು ಎಂಜಿನ್ ಆಫ್ ಮಾಡುವ ಸೌಜನ್ಯವನ್ನೂ ತೋರಿಸಿರಲಿಲ್ಲ, ಅದು ಗುಡುಗುಡು ಅನ್ನುತ್ತಲೇ ಇತ್ತು. ಅಪ್ಪಣೆ ಕೇಳುವ ಕ್ರಮ ಹೀಗೆ. ಕಲ್ಲಿನ ತಲೆಗೆ ನೀರು ಹಾಕಿ, ಒದ್ದೆಯ ಮೇಲೆ ಒಂದು ಕೆಂಪು ಕಣಗಲೆ ಹೂವು ಅಂಟಿಸುತ್ತಾರೆ. ಕೆಲಸ ಯಾರದೋ ಅವರೇ ಎದುರಿಗೆ ಕೂತು ಕೇಳಿಕೊಳ್ಳಬೇಕು. ಅಮ್ಮನ ಬಲಕ್ಕೆ ಹೂವು ಬಿದ್ದರೆ ಒಪ್ಪಿಗೆ, ಎಡಕ್ಕೆ ಬಿದ್ದರೆ ಇಲ್ಲ. ಕೆಲಸ ಯಾರದು? ಅಳಿಯಂದ್ರದ್ದು. ಹುಡುಗರಿಗೆ ಇದೆಲ್ಲ ಮೂಢನಂಬಿಕೆ ಎಂದು ಪಾಠ ಮಾಡುವ ನನ್ನನ್ನು ಒದ್ದೆ ಪಂಚೆಯಲ್ಲಿ ಕಲ್ಲಿನ ಮುಂದೆ ಕೂರಿಸಿದರು. ಹಿಂದೆ ಹೆಂಗಸರ ಸಾಲಿನ ಮುಂದುಗಡೆ ಸರೋಜ ಕೂತಳು. ಪೂಜಾರಿ ಚಿಕ್ಕಯ್ಯ ಹೂವಿಟ್ಟು ನನ್ನ ಕಿವಿಯ ಹತ್ತಿರ ಬಗ್ಗಿದ.

“ಮೇಷ್ಟ್ರೆ, ಬಾಯ್ಬುಟ್ಟು ಕೇಳಂಗಿಲ್ಲ. ಮನ್ಸಲ್ಲೇ ಕೇಳ್ಕಳಿ. ಒಂದೇ ಸಲ ಕೇಳ್ಬೇಕು, ಆಮೇಲೆ ತಿದ್ದಂಗಿಲ್ಲ.”

ಕಣ್ಣು ಮುಚ್ಚಿದೆ. ಏನು ಕೇಳಬೇಕೆಂದು ಗೊತ್ತಿತ್ತು. ಬನ ಕಡಿಯಲೇ ಎಂದು ಕೇಳುವುದು, ಬೇಡ ಅನ್ನು ತಾಯಿ ಎಂದು ಒಳಗೊಳಗೆ ಬೇಡಿಕೊಳ್ಳುವುದು. ಆದರೆ ಆ ತಮಟೆ, ಆ ಗುಡುಗುಡು, ಪಕ್ಕದಲ್ಲಿ ಮಾವನ ಜೋಡಿಸಿದ ಕೈಗಳ ದೊಡ್ಡ ದೊಡ್ಡ ಬೆರಳುಗಳು, ಎಲ್ಲ ಸೇರಿ ನನ್ನ ಬುದ್ಧಿ ಕೆಟ್ಟಿತು. ಮನಸ್ಸಿನಲ್ಲಿ ತಾನಾಗಿ ಬಂದ ಮಾತು ಇಷ್ಟೇ: ಅಮ್ಮಾ, ನನ್ನನ್ನು ಇದರಿಂದ ಬಿಡಿಸು, ಮಧ್ಯಾಹ್ನದ ಬಸ್ಸಿಗೆ ಹೊಳೆನರಸೀಪುರಕ್ಕೆ ಹೋಗಿಬಿಡುತ್ತೇನೆ, ಕಾಡೂ ಬೇಡ ಭಾಷಣವೂ ಬೇಡ, ಅಪ್ಪಣೆ ಕೊಡು.

ಕಣ್ಣು ತೆರೆದ ಮೇಲೆ ನಾನು ಮಾಡಿದ್ದು ಏನೆಂದು ಅರ್ಥವಾಯಿತು. ಬನದ ಮಾತನ್ನೇ ಎತ್ತಿರಲಿಲ್ಲ. ಈಗ ಹೂವು ಬಲಕ್ಕೆ ಬಿದ್ದರೆ ಅಮ್ಮ ನನ್ನನ್ನು ಬಿಟ್ಟಳು ಎಂದು ನನಗೆ ಗೊತ್ತು, ಆದರೆ ಊರವರಿಗೆ ಅದು ಮರ ಕಡಿಯಲು ಅಪ್ಪಣೆ. ಎಡಕ್ಕೆ ಬಿದ್ದರೆ ಬನ ಉಳಿಯುತ್ತದೆ, ನಾನು ಸಿಕ್ಕಿಬೀಳುತ್ತೇನೆ. ತಿದ್ದಿ ಕೇಳುವ ಹಾಗಿಲ್ಲ. ನಾನು ಇದನ್ನೆಲ್ಲ ನಂಬುವವನಲ್ಲ ಎಂದು ಎರಡು ಸಲ ಹೇಳಿಕೊಂಡೆ. ಹೂವು ಬೀಳುವುದು ಗುರುತ್ವಾಕರ್ಷಣೆಯಿಂದ, ಅದಕ್ಕೆ ನನ್ನ ಕೋರಿಕೆಯ ಹಂಗಿಲ್ಲ ಎಂದು ಧೈರ್ಯ ತಂದುಕೊಂಡು, ವಿಜ್ಞಾನದ ಕಣ್ಣಿನಿಂದ ಕಲ್ಲನ್ನು ನೋಡಿದೆ. ನೋಡಬಾರದಿತ್ತು. ಕಲ್ಲು ಸ್ಪಷ್ಟವಾಗಿ ಬಲಕ್ಕೆ ವಾಲಿಕೊಂಡಿತ್ತು. ನಾನು ಹತ್ತನೇ ಕ್ಲಾಸಿಗೆ ಪಾಠ ಮಾಡಿದ ಅಷ್ಟೂ ನಿಯಮಗಳ ಪ್ರಕಾರ ಹೂವು ಬಲಕ್ಕೇ ಬೀಳಬೇಕಿತ್ತು. ನಿಜವಾದ ಹೆದರಿಕೆ ಆಗ ಹುಟ್ಟಿತು. ಇಷ್ಟು ಕಾಲ ವಿಜ್ಞಾನವನ್ನು ನಂಬಿಕೊಂಡು ಬಂದವನು ಅದು ಒಂದೇ ಒಂದು ಸಲ ಸುಳ್ಳಾಗಲಿ ಎಂದು ಬೇಡತೊಡಗಿದೆ.

ಹೂವು ಬೀಳಲಿಲ್ಲ. ಚಿಕ್ಕಯ್ಯ ಗಂಟೆ ಆಡಿಸಿದ, ಧೂಪ ಹಾಕಿದ, ನಿಲ್ಲಿಸಿದ, ಮತ್ತೆ ಆಡಿಸಿದ. ತಮಟೆಯವರು ಸುಸ್ತಾಗಿ ಕೂತರು. ಟ್ರ್ಯಾಕ್ಟರನ್ನೂ ಯಾರೋ ಬೈದು ನಿಲ್ಲಿಸಿದರು. ಆ ನಿಶ್ಶಬ್ದದಲ್ಲಿ ಬನದೊಳಗಿನ ಸದ್ದು ಕೇಳಿಸಿತು. ಎಲ್ಲೋ ಕೆಂಬೂತ ಗುಮ್ಮೆಂದಿತು, ನೇರಳೆ ಮರದಲ್ಲಿ ಪಿಕಳಾರ ಹಕ್ಕಿಗಳು ಜಗಳವಾಡುತ್ತಿದ್ದವು, ಒದ್ದೆ ಎಲೆಯ ವಾಸನೆ ತಣ್ಣಗೆ ಮುಖಕ್ಕೆ ಬಡಿಯಿತು. ಗರಗಸದವನೊಬ್ಬ ಅದರ ಹಲ್ಲುಗಳ ಮೇಲೆ ಬೆರಳಾಡಿಸುತ್ತಾ ಒಂದು ಬಸರಿಯನ್ನು ಬುಡದಿಂದ ತುದಿಯವರೆಗೆ ಕಣ್ಣಲ್ಲೇ ಅಳೆಯುತ್ತಿದ್ದ. ಇದೆಲ್ಲ ನನ್ನ ಒಂದು ಭಾಷಣದಿಂದ ಹೋಗುತ್ತದಲ್ಲ ಅಂದುಕೊಂಡೆ. ಆಗ ಹೂವು ಅಲುಗಿತು. ಅದರ ಎಸಳು ಮೆಲ್ಲಗೆ ಬಲಕ್ಕೆ ಬಾಗಿತು. ಹಿಂದಿನಿಂದ ಸರೋಜಳ ಮುಷ್ಟಿ ನನ್ನ ಬೆನ್ನಿಗೆ ಬಿತ್ತು. ನಾನು ಏಳದಂತೆ ಇಷ್ಟು ವರ್ಷ ಎಳೆದವಳು ಈಗ ಏಳು ಎಂದು ಗುದ್ದುತ್ತಿದ್ದಳು. ಎದ್ದೆ. ಅಂದರೆ ಏಳಲು ಹೋದೆ. ಜೋಮು ಹಿಡಿದಿದ್ದ ಕಾಲು ನಿಲ್ಲಲಿಲ್ಲ. “ಮಾವಾ” ಎಂದು ಕೂಗಿ, ಕಲ್ಲಿನ ಮುಂದೆ ಎರಡೂ ಮಂಡಿ ಊರಿ ಧೊಪ್ಪನೆ ಬಿದ್ದೆ.

ಹೂವು ಎಡಕ್ಕೆ ಬಿತ್ತು.

ಚಿಕ್ಕಯ್ಯ ಬಗ್ಗಿ ನೋಡಿ, “ಅಮ್ಮ ಬ್ಯಾಡ ಅಂದ್ಳು” ಅಂದ. ಗರಗಸದವರು ಗರಗಸಕ್ಕೆ ಗೋಣಿತಾಟು ಸುತ್ತಿದರು. ನನ್ನ ಮಂಡಿಯ ಪೆಟ್ಟಿಗೆ ನೆಲ ಅದುರಿ ಹೂವು ಆಚೆ ಜಾರಿರಬಹುದು ಎಂದು ವಿಜ್ಞಾನದ ಪ್ರಕಾರ ನಾನು ಇವತ್ತಿಗೂ ವಾದಿಸಬಲ್ಲೆ. ಅಲ್ಲಿ ವಾದಿಸಲಿಲ್ಲ. ಮಾವನ ಮುಖ ನೋಡಲು ಹೆದರಿ ಕೆಳಗೇ ನೋಡುತ್ತಾ ಕೂತಿದ್ದೆ. ಅವರು ಬಂದು ನನ್ನ ರಟ್ಟೆ ಹಿಡಿದು ಎತ್ತಿದರು. “ಬೇಜಾರ್ ಮಾಡ್ಕಬ್ಯಾಡಿ ಅಳಿಯಂದ್ರೆ. ಅಷ್ಟ್ ಆಸೆ ಮಡೀಕಂಡಿದ್ರಿ. ಅಮ್ಮಂಗೆ ಯಾಕೋ ಮನ್ಸು ಬರ್ಲಿಲ್ಲ” ಅಂದರು. ನನ್ನ ಆಸೆ ಮುರಿಯಿತೆಂದು ಆ ಮನುಷ್ಯ ನನ್ನನ್ನು ಸಮಾಧಾನ ಮಾಡುತ್ತಿದ್ದರು. ನನಗೆ ಅಳು ಬಂತು. ಕಾಡು ಹೋದ ದುಃಖಕ್ಕೆ ಅಳಿಯ ಅಳುತ್ತಿದ್ದಾನೆ ಎಂದು ಊರವರೂ ಕಣ್ಣೊರೆಸಿಕೊಂಡರು.

ಕಣ್ಣೀರು ಇಳಿದ ಮೇಲೆ ನಿಂತಿದ್ದ ಮಾತು ವಾಪಸು ಬಂತು. ಹೇಳಬೇಕಾದದ್ದನ್ನು ಆಗ ಹೇಳಿದೆ. ಅಮ್ಮ ಹೇಳಿದ್ದೇ ಸರಿ ಮಾವ, ಕಾಡು ಇಲ್ಲೇ ಇದೆ, ನಾನು ಆವತ್ತು ಅರ್ಧ ಹೇಳಿದ್ದೆ ಅಂದೆ. ನಾವು ಒಂದೇ ಜಾತಿಯ ಗಿಡ ಸಾಲಾಗಿ ನೆಟ್ಟರೆ ಅದು ತೋಪು, ಇಷ್ಟು ಬಗೆಯ ಮರ ಬಳ್ಳಿ ಒಟ್ಟಿಗೆ ಬದುಕಿದರೆ ಅದು ಕಾಡು, ಹೆಚ್ಚು ಇಂಗಾಲ ಹೀರಿ ಬಚ್ಚಿಡುವುದೂ ಇದೇ ಅಂದೆ. ಪಕ್ಕದ ಬೋಳು ಇಳಿಜಾರಿಗೆ ಬೇಲಿ ಹಾಕಿ ದನ ಮೇಕೆ ತಡೆದರೆ ಸಾಕು, ಹಕ್ಕಿಗಳು ಬನದ ಬೀಜವನ್ನು ಅಲ್ಲಿಗೆ ಒಯ್ಯುತ್ತವೆ, ಬನ ತಾನೇ ನಡೆದು ಬರುತ್ತದೆ ಅಂದೆ. ಸರೋಜ ಹಿಂದಿನಿಂದ ಎಳೆಯಲಿಲ್ಲ. ಮಾವ ಎಲ್ಲ ಕೇಳಿಸಿಕೊಂಡು ಇಳಿಜಾರಿನ ಕಡೆ ನೋಡಿದರು.

“ಅದ್ಸರಿ. ಕಾಯೋರ್ ಯಾರು?”

ಎಡಕ್ಕೆ ಬಿದ್ದ ಹೂವು ಇನ್ನೂ ಅಲ್ಲೇ ಬಿದ್ದಿತ್ತು. ಅಮ್ಮ ಯಾರಿಗೆ ಏನು ಹೇಳಿದ್ದಾಳೆಂದು ಅಷ್ಟು ಜನರಲ್ಲಿ ನನಗೊಬ್ಬನಿಗೆ ಗೊತ್ತಿತ್ತು. ನಾನೇ ಬರುತ್ತೇನೆ, ಭಾನುವಾರ ಭಾನುವಾರ ಬಂದು ನೋಡಿಕೊಳ್ಳುತ್ತೇನೆ ಅಂದೆ. ಬಸ್ಸಿನಲ್ಲಿ ಹಿಂದಿರುಗುವಾಗ ಸರೋಜ, ನೀವು ಕೇಳಿಕೊಂಡಿದ್ದೇನು ಅಂದಳು. ಹೇಳಿದೆ. ಅರಕಲಗೂಡು ದಾಟಿ ಬಹಳ ದೂರ ಬರುವವರೆಗೆ ಅವಳ ನಗು ನಿಲ್ಲಲಿಲ್ಲ, ಮುಂದಿನ ಸೀಟಿನವರು ತಿರುಗಿ ತಿರುಗಿ ನೋಡಿದರು.

ಅಕೇಶಿಯ ಸಸಿಗಳನ್ನು ಬ್ಯಾರನ್ನಿನವರು ಸೌದೆಗೆ ಆಗುತ್ತದೆಂದು ತಮ್ಮ ಹೊಲದ ಬದುಗಳಿಗೆ ಒಯ್ದು ನೆಟ್ಟುಕೊಂಡರು, ಅದೂ ಒಳ್ಳೆಯದೇ ಆಯಿತು. ನನ್ನ ಭಾನುವಾರಗಳು ಮಾತ್ರ ಹೋದವು. ಮುಳ್ಳಿನ ಬೇಲಿ ಕಟ್ಟಿ ಜುಬ್ಬ ಹರಿದುಕೊಂಡೆ. ಬೇಲಿ ಕಟ್ಟಿದ್ದಕ್ಕೆ ಮೇಕೆಯವರಿಂದ ಬೈಸಿಕೊಂಡೆ, ಕಟ್ಟಿದ್ದು ಸಾಲದೆಂದು ಮಾವನಿಂದ ಬೈಸಿಕೊಂಡೆ. ಬೇಸಿಗೆಯಲ್ಲಿ ಬೆಂಕಿ ಬೀಳದಂತೆ ಅಂಚಿನ ಒಣಹುಲ್ಲು ಕುಯ್ದೆ. ಮೊದಮೊದಲು ಲಂಟಾನ, ಕಾರೆ ಬಿಟ್ಟು ಏನೂ ಏಳಲಿಲ್ಲ. ಆಮೇಲೆ ಒಂದು ಮಳೆಗಾಲದಲ್ಲಿ ಕಾರೆಯ ಮರೆಯಲ್ಲಿ ಒಂದು ನೇರಳೆ ಕಣ್ಣುಬಿಟ್ಟಿತು. ಮಾವನನ್ನು ಕರೆದು ತೋರಿಸಿದೆ. ಅವರು ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿ, “ಸಾಲೇ ಇಲ್ವಲ್ಲ ಅಳಿಯಂದ್ರೆ” ಅಂದರು. ಆದರೆ ಏಳುವಾಗ ಸುತ್ತ ಇನ್ನೆರಡು ಮುಳ್ಳು ಕೊಂಬೆ ಎಳೆದು ಹಾಕಿದರು. ಈಗ ಅವರಿಲ್ಲ. ಆ ಇಳಿಜಾರಿಗೆ ಊರವರು ಅಳಿಯಂದ್ರ ಕಾಡು ಅಂತಲೇ ಅನ್ನುತ್ತಾರೆ. ತುಳಸಿ ಕೂಡ ಬದುಕಿಸಲಾರದ ನನ್ನ ಹೆಸರಿನಲ್ಲಿ ಒಂದು ಕಾಡಿದೆ. ಅದರಲ್ಲಿ ನಾನು ನೆಟ್ಟ ಗಿಡ ಒಂದೂ ಇಲ್ಲ.

ನಿವೃತ್ತನಾಗಿ ಹಾಸನದಲ್ಲಿ ಮನೆ ಮಾಡಿದ ಮೇಲೂ ಹೋಗುತ್ತಿದ್ದೇನೆ. ಎರಡು ಬಸ್ಸು ಬದಲಿಸಬೇಕು. ಅಂದು ಊರಿ ಬಿದ್ದ ಮಂಡಿಗಳು ಈಗ ಲೆಕ್ಕ ಕೇಳುತ್ತವೆ. ಮೊನ್ನೆ ಎಣ್ಣೆ ತಿಕ್ಕುತ್ತಾ ಸರೋಜ, ಒಂದು ಸಲ ಅಮ್ಮನನ್ನು ಮತ್ತೆ ಕೇಳಿಬಿಡಿ, ಇಷ್ಟು ವರ್ಷ ದುಡಿಸಿಕೊಂಡಿದ್ದಾಳೆ, ಬಿಟ್ಟುಬಿಡುತ್ತಾಳೆ ಅಂದಳು. ಮಾತು ಸರಿ ಅನ್ನಿಸಿತು. ಆ ಭಾನುವಾರ ಹೋಗಿ ಕಲ್ಲಿನ ಮುಂದೆ ಕೂತೆ. ಚಿಕ್ಕಯ್ಯನ ಮಗ ನೀರು ಹಾಕಿ ಕೆಂಪು ಕಣಗಲೆಯನ್ನು ಅಂಟಿಸಲು ಕೈ ಚಾಚಿದ. ನಾನು ಅವನ ಕೈ ಹಿಡಿದುಕೊಂಡು, ಇವತ್ತು ಬೇಡಪ್ಪ, ಬರೀ ಕೈ ಮುಗಿದು ಹೋಗುತ್ತೇನೆ ಅಂದೆ. ಮನೆಗೆ ಬಂದ ಮೇಲೆ ಯಾಕೆ ಕೇಳಲಿಲ್ಲ ಎಂದು ಸರೋಜ ಕೇಳಿದಳು. ಇಂಥದ್ದನ್ನೆಲ್ಲ ನಾನು ನಂಬುವುದಿಲ್ಲ ಅಂದೆ. ಆದರೆ ಆ ಕಲ್ಲು ಇನ್ನೂ 
ಬಲಕ್ಕೇ ವಾಲಿಕೊಂಡಿದೆ, ಕೇಳಿದ್ದರೆ ಅಮ್ಮ ಬಿಟ್ಟೇಬಿಡುತ್ತಿದ್ದಳು, ಅದು ನನಗೆ ಚೆನ್ನಾಗಿ ಗೊತ್ತು.